‘ಇಂದ’ ಮತ್ತು ‘ವರೆಗೆ’: ತಾರೀಖಿನ ಖಾನೆ ತುಂಬುವ ಮುನ್ನ

ಮಳೆ ಎಷ್ಟಾಯ್ತು, ಧಾರಣೆ ಎಷ್ಟಿದೆ ಅಂತ ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ನೋಡಲು ಹೊರಟರೆ ಮೊದಲು ಎದುರಾಗುವುದು ಎರಡು ಚಿಕ್ಕ ಖಾನೆಗಳು. ಒಂದರ ಮೇಲೆ ‘ಇಂದ’, ಇನ್ನೊಂದರ ಮೇಲೆ ‘ವರೆಗೆ’. ನಮ್ಮಲ್ಲಿ ಹೆಚ್ಚಿನವರು ಅದರಲ್ಲಿ ಮೊದಲೇ ತುಂಬಿರುವ ತಾರೀಖನ್ನು ಹಾಗೇ ಬಿಟ್ಟು ಗುಂಡಿ ಒತ್ತುತ್ತಾರೆ. ಬರುವ ಉತ್ತರ ಸುಳ್ಳಲ್ಲ. ಆದರೆ ಅದು ನಿಮ್ಮ ಪ್ರಶ್ನೆಗೆ ಉತ್ತರವಾಗಿರಬೇಕು ಅಂತೇನೂ ಇಲ್ಲ. ಬಿತ್ತನೆ ಮಾಡಬೇಕೋ ಕಾಯಬೇಕೋ, ಮಾಲು ಇವತ್ತೇ ಮಾರಬೇಕೋ ಇಟ್ಟುಕೊಳ್ಳಬೇಕೋ, ವಿಮೆ ಸಿಗುತ್ತದೋ ಇಲ್ಲವೋ, ಇಂಥ ವಿಷಯಗಳೆಲ್ಲ ಈ ಎರಡು ಖಾನೆಗಳಿಗೆ ತಗುಲಿಕೊಂಡಿವೆ. ಅದಕ್ಕೇ ಈ ಬರಹ.

ಹೀಗೆ ಅಂಕಿಅಂಶವನ್ನು ಒಂದೇ ಪರದೆಯಲ್ಲಿ ಕೂಡಿಸಿ ತೋರಿಸುವ ಫಲಕಕ್ಕೆ ಡ್ಯಾಶ್‌ಬೋರ್ಡ್ ಅನ್ನುತ್ತಾರೆ. ಹೆಸರಿಗೆ ಹೆದರಬೇಕಾಗಿಲ್ಲ. ಟ್ರ್ಯಾಕ್ಟರಿನಲ್ಲಿ ಸ್ಟಿಯರಿಂಗ್ ಮುಂದೆ ಇರುವುದೂ ಡ್ಯಾಶ್‌ಬೋರ್ಡೇ. ವ್ಯತ್ಯಾಸ ಇಷ್ಟೆ: ಟ್ರ್ಯಾಕ್ಟರಿನ ಮುಳ್ಳು ಈ ಗಳಿಗೆಯ ಲೆಕ್ಕ ಹೇಳುತ್ತದೆ, ಇದು ಎರಡು ತಾರೀಖುಗಳ ನಡುವಿನ ಲೆಕ್ಕ ಹೇಳುತ್ತದೆ. ಆ ತಾರೀಖು ಕೊಡಬೇಕಾದವರು ನಾವು.

ಒಂದು ವರ್ಷ, ನಾಲ್ಕು ಉತ್ತರ

2023ರ ಮುಂಗಾರನ್ನೇ ತೆಗೆದುಕೊಳ್ಳಿ. ಇಡೀ ಕರ್ನಾಟಕದ ಲೆಕ್ಕ. ಜೂನ್ 1ರಿಂದ 30 ಅಂತ ಹಾಕಿದರೆ ವಾಡಿಕೆಗಿಂತ ಶೇ. 56 ಕಡಿಮೆ. ಜುಲೈ 1ರಿಂದ 31 ಅಂತ ಹಾಕಿದರೆ ಶೇ. 29 ಹೆಚ್ಚು! ಆಗಸ್ಟ್ ಒಂದನ್ನೇ ನೋಡಿದರೆ ಶೇ. 73 ಕಡಿಮೆ. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಹಾಕಿದರೆ ಬಿದ್ದದ್ದು 642 ಮಿ.ಮೀ., ವಾಡಿಕೆ 852, ಅಂದರೆ ಶೇ. 25 ಕೊರತೆ. ನಾಲ್ಕೂ ನಿಜವಾದ ಅಂಕಿ. ಆದರೆ ಜುಲೈ ಕೊನೆಯಲ್ಲಿ ‘ಕಳೆದ 30 ದಿನ’ ಅಂತ ನೋಡಿದವನಿಗೆ ಆ ವರ್ಷ ಸುಭಿಕ್ಷದ ವರ್ಷ. ಅವನೇ ‘ಜೂನ್ 1ರಿಂದ ಜುಲೈ 31’ ಅಂತ ಹಾಕಿದ್ದರೆ ಜೂನಿನ ಬರ ಜುಲೈನ ನೀರಿನಲ್ಲಿ ಕರಗಿ, ಎಲ್ಲಾ ಸಮ ಆಯ್ತು ಅನ್ನುವ ಹಾಗೆ ಕಾಣುತ್ತಿತ್ತು. ಗಿಡಕ್ಕೆ ಹಾಗೆ ಸಮ ಆಗೋದಿಲ್ಲ. ಜೂನಿನಲ್ಲಿ ಮೊಳಕೆ ಒಣಗಿ ಹೋದ ಮೇಲೆ ಜುಲೈನ ಮಳೆ ಅದನ್ನು ಎಬ್ಬಿಸುವುದಿಲ್ಲ. ಆ ಸೆಪ್ಟೆಂಬರಿನಲ್ಲಿ ಸರಕಾರ 195 ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು, ಮುಂದೆ ಆ ಸಂಖ್ಯೆ 223ಕ್ಕೆ ಏರಿತು.

ಒಟ್ಟಿನಲ್ಲಿ ಅವಧಿ ದೊಡ್ಡದಾದಷ್ಟೂ ಏರುಪೇರು ಮುಚ್ಚಿ ಹೋಗುತ್ತದೆ. ತೀರಾ ಚಿಕ್ಕದಾದರೆ ಒಂದೇ ಒಂದು ಜಡಿಮಳೆ ಇಡೀ ಲೆಕ್ಕವನ್ನು ಹೊತ್ತುಕೊಂಡು ಹೋಗುತ್ತದೆ. ಹಾಗಾದರೆ ಎಷ್ಟು ದಿನ ಹಾಕಬೇಕು? ಬೆಳೆಯನ್ನೇ ಕೇಳಿ. ರಾಗಿ ಬಿತ್ತಲು ಹದ ಇದೆಯಾ ಅಂತ ನೋಡುವುದಾದರೆ ಹಿಂದಿನ ಒಂದು ವಾರ ಹತ್ತು ದಿನ ಸಾಕು. ಕೆರೆ, ಬಾವಿಯ ನೀರು ಬೇಸಿಗೆಗೆ ಬಂದೀತೇ ಅಂತ ನೋಡುವುದಾದರೆ ಇಡೀ ಮಳೆಗಾಲ ಬೇಕು, ನಮ್ಮ ಬಯಲುಸೀಮೆಯಲ್ಲಿ ಹಿಂಗಾರನ್ನೂ ಸೇರಿಸಬೇಕು. ಬೆಂಗಳೂರಿನಲ್ಲಿ ಮೇ ತಿಂಗಳಲ್ಲೂ ಅಕ್ಟೋಬರಿನಲ್ಲೂ ತಲಾ ನೂರು ಮಿ.ಮೀ. ಮೀರುವುದು ವಾಡಿಕೆ. ‘ಮುಂಗಾರು’ ಅನ್ನುವ ಸಿದ್ಧ ಗುಂಡಿ ಒತ್ತಿದರೆ ಇವೆರಡೂ ಲೆಕ್ಕದಿಂದ ಹೊರಗೆ. ಏಕೆಂದರೆ ಹವಾಮಾನ ಇಲಾಖೆಗೆ ಮುಂಗಾರು ಅಂದರೆ ಜೂನ್ 1ರಿಂದ ಸೆಪ್ಟೆಂಬರ್ 30, ಅಷ್ಟೆ.

ಮಹದೇವಪುರ ಮುಳುಗಿದ್ದು ಯಾವ ತಾರೀಖು?

ಈಗ ನಮ್ಮ ಕಡೆಯದೇ ಒಂದು ಉದಾಹರಣೆ. 2022ರ ಸೆಪ್ಟೆಂಬರ್ 4, ಭಾನುವಾರ. ಸಂಜೆಯಿಂದ ರಾತ್ರಿಯಿಡೀ ಹುಯ್ದ ಮಳೆಗೆ ಬೆಂಗಳೂರಿನ ಪೂರ್ವ ಭಾಗ, ಅದರಲ್ಲೂ ಮಹದೇವಪುರ, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆಯೆಲ್ಲ ನೀರಾಗಿ ಹೋಯಿತು. ಕಂಪ್ಯೂಟರ್ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ನಿಂತುಕೊಂಡು ಕೆಲಸಕ್ಕೆ ಹೋದ ಚಿತ್ರಗಳನ್ನು ನೀವೂ ಪತ್ರಿಕೆಗಳಲ್ಲಿ ನೋಡಿರುತ್ತೀರಿ. (ದೇಶವಿದೇಶಕ್ಕೆ ಡ್ಯಾಶ್‌ಬೋರ್ಡು ಮಾಡಿ ಕೊಡುವ ಊರು ಇದು. ಆ ವಾರ ಅವರಿಗೆ ಉಪಯೋಗಕ್ಕೆ ಬಂದ ಡ್ಯಾಶ್‌ಬೋರ್ಡು ಮಾತ್ರ ನಮ್ಮ ಟ್ರ್ಯಾಕ್ಟರಿನದ್ದು!)

ಈ ಮಳೆಯನ್ನು ಹುಡುಕಲು ಖಾನೆಯಲ್ಲಿ ‘ಸೆಪ್ಟೆಂಬರ್ 4ರಿಂದ ಸೆಪ್ಟೆಂಬರ್ 4ರವರೆಗೆ’ ಅಂತ ಹಾಕಿ ನೋಡಿ. ಆ ದೊಡ್ಡ ಮಳೆ ಅಲ್ಲಿ ಸಿಕ್ಕುವುದಿಲ್ಲ. ಅದು ಇರುವುದು 5ನೇ ತಾರೀಖಿನ ಮುಂದೆ. ಬೆಂಗಳೂರು ನಗರದ ಹವಾಮಾನ ಕೇಂದ್ರದಲ್ಲಿ 5ನೇ ತಾರೀಖು ಬೆಳಿಗ್ಗೆ 8.30ಕ್ಕೆ ಮುಗಿದ 24 ಗಂಟೆಯಲ್ಲಿ 131.6 ಮಿ.ಮೀ. ಬಿದ್ದಿತ್ತು. ಆ ಕೇಂದ್ರಕ್ಕೆ ಇಡೀ ಸೆಪ್ಟೆಂಬರ್ ತಿಂಗಳ ವಾಡಿಕೆಯೇ ಸುಮಾರು ಇನ್ನೂರು ಮಿ.ಮೀ.ಗಿಂತ ತುಸು ಹೆಚ್ಚು. ಒಂದು ರಾತ್ರಿಯಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ಬಂದಂತಾಯ್ತು.

ಯಾಕೆ ಹೀಗೆ? ಮಳೆ ಲೆಕ್ಕದಲ್ಲಿ ದಿನ ಶುರುವಾಗುವುದು ನಡುರಾತ್ರಿ ಹನ್ನೆರಡಕ್ಕಲ್ಲ, ಬೆಳಿಗ್ಗೆ ಎಂಟೂವರೆಗೆ. ನಿನ್ನೆ ಎಂಟೂವರೆಯಿಂದ ಇವತ್ತು ಎಂಟೂವರೆಯವರೆಗೆ ಬಿದ್ದದ್ದನ್ನು ಅಳೆದು ಇವತ್ತಿನ ತಾರೀಖಿನಲ್ಲಿ ಬರೆಯುತ್ತಾರೆ. ಎಂಟೂವರೆಯೇ ಯಾಕೆ ಅಂದರೆ, ಆಗ ಗ್ರೀನಿಚ್ ಗಡಿಯಾರದಲ್ಲಿ ಸರಿಯಾಗಿ ಮೂರು ಗಂಟೆ. ಪ್ರಪಂಚದ ಹವಾಮಾನ ಕೇಂದ್ರಗಳು ಒಟ್ಟಿಗೆ ಅಳತೆ ತೆಗೆದುಕೊಳ್ಳುವ ಗಳಿಗೆಗಳಲ್ಲಿ ಅದೂ ಒಂದು. ಮನೆಯಂಗಳದಲ್ಲಿ ಮಳೆಮಾಪಕ ಇಟ್ಟುಕೊಂಡು ದಿನಾ ಬರೆದಿಡುವ ಕೃಷಿಕರಿಗೆ ಇದು ಹೊಸದಲ್ಲ. ಆದರೆ ಕೆಲವರು ನಿನ್ನೆ ರಾತ್ರಿಯ ಮಳೆಯನ್ನು ನಿನ್ನೆಯ ತಾರೀಖಿಗೇ ಬರೆದಿಡುತ್ತಾರೆ. ತಪ್ಪೇನಲ್ಲ. ಸರಕಾರದ ಅಂಕಿಯ ಜತೆ ಹೋಲಿಸುವಾಗ ಒಂದು ದಿನ ಸರಿಸಿಕೊಳ್ಳಬೇಕು, ಅಷ್ಟೆ.

ಹಾಗಾಗಿ ಒಂದು ದಿನದ ಮಳೆ ಬೇಕಿದ್ದರೂ ಆ ದಿನ ಮತ್ತು ಮರುದಿನ ಎರಡನ್ನೂ ಸೇರಿಸಿ ಹಾಕಿ. ಇನ್ನೊಂದು ಮಾತು, 131.6 ಅನ್ನುವುದು ನಗರದ ಮಧ್ಯದಲ್ಲಿರುವ ಕೇಂದ್ರದ ಅಂಕಿ, ಮಹದೇವಪುರದ್ದಲ್ಲ. ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ರಾಜ್ಯದಾದ್ಯಂತ 6 ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ಇಟ್ಟಿದೆ, ಗ್ರಾಮ ಪಂಚಾಯತಿ ಮಟ್ಟದವರೆಗೆ. 1988ರಲ್ಲಿ ಬರ ಉಸ್ತುವಾರಿ ಕೋಶ ಅಂತ ಶುರುವಾದ ಸಂಸ್ಥೆ ಇದು. ನಿಮ್ಮ ಪಂಚಾಯತಿಯ ಮಾಪಕ ಯಾವುದು ಅಂತ ಮೊದಲು ತಿಳಿದುಕೊಳ್ಳಿ, ತಾರೀಖು ಆಮೇಲೆ.

ವಾರ ಯಾವತ್ತಿನಿಂದ ವಾರ?

ದಿನಕ್ಕೆ ಇದ್ದ ತೊಡಕು ವಾರಕ್ಕೂ ಇದೆ. ಕ್ಯಾಲೆಂಡರಿನಲ್ಲಿ ವಾರ ಭಾನುವಾರ ಶುರು. ಕಂಪ್ಯೂಟರಿನವರು ಹಲವರು ಸೋಮವಾರದಿಂದ ಎಣಿಸುತ್ತಾರೆ. ಹವಾಮಾನ ಇಲಾಖೆಯ ವಾರದ ಮಳೆ ವರದಿ ಗುರುವಾರದಿಂದ ಬುಧವಾರಕ್ಕೆ. ಕೃಷಿ ವಿಜ್ಞಾನಿಗಳು ಬಳಸುವ ಇನ್ನೊಂದು ವಾರ ಇದೆ. ಜನವರಿ 1ರಿಂದ 7 ಮೊದಲನೇ ವಾರ, ಹೀಗೆ ವರ್ಷಕ್ಕೆ 52. ಉಳಿದ ಒಂದು ದಿನವನ್ನು ಕೊನೇ ವಾರಕ್ಕೆ ಸೇರಿಸಿ ಅದಕ್ಕೆ ಎಂಟು ದಿನ ಮಾಡುತ್ತಾರೆ.

ಇದೆಲ್ಲ ನಮಗ್ಯಾಕೆ ಅನ್ನಬೇಡಿ. ಬರ ನಿರ್ಧಾರ ಮಾಡುವಾಗ ‘ಒಣ ಹವೆ’ ಅನ್ನುವ ಒಂದು ಅಳತೆಗೋಲು ಇದೆ. ಸತತ ಮೂರು ವಾರ ಮಳೆ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಬಂತೋ ಇಲ್ಲವೋ ಅಂತ ನೋಡುತ್ತಾರೆ. ಈಗ ಹೀಗೆ ಊಹಿಸಿ. ಇಪ್ಪತ್ತೈದು ದಿನ ಮಳೆಯೇ ಇಲ್ಲ. ಆದರೆ ಆ ಅವಧಿಗೆ ಮುಂಚೆ ಒಂದು ಜೋರು ಮಳೆ, ಮುಗಿದ ಮೇಲೆ ಒಂದು ಜೋರು ಮಳೆ. ವಾರದ ಗೆರೆ ಬಿದ್ದ ಜಾಗ ನಮಗೆ ಅನುಕೂಲವಾಗಿದ್ದರೆ ಮೂರು ಪೂರ್ತಿ ಒಣ ವಾರ ಸಿಗುತ್ತದೆ. ಇಲ್ಲದಿದ್ದರೆ ಮೊದಲ ಮಳೆ ಒಂದು ವಾರದ ತಲೆಗೂ ಎರಡನೆಯದು ಇನ್ನೊಂದು ವಾರದ ಬಾಲಕ್ಕೂ ಅಂಟಿಕೊಂಡು, ಒಣ ವಾರಗಳು ಎರಡೇ ಉಳಿಯುತ್ತವೆ. ಹೊಲದಲ್ಲಿ ಒಣಗಿದ್ದು ಅಷ್ಟೇ ದಿನ. ಅದರ ಮೇಲೆ ಬುಧವಾರ ರಾತ್ರಿ ಬಿದ್ದ ಮಳೆ ಎಂಟೂವರೆಯ ನಿಯಮದಿಂದ ಗುರುವಾರಕ್ಕೆ ಹೋಗಿ ಮುಂದಿನ ವಾರಕ್ಕೆ ಸೇರುತ್ತದೆ. ನಮ್ಮ ಪಂಚಾಯತಿಗೆ ಅನ್ಯಾಯ ಆಗಿದೆ ಅಂತ ಅರ್ಜಿ ಬರೆಯುವವರು ವಾರದ ಲೆಕ್ಕ ಕೊಡುವ ಬದಲು ದಿನದ ಲೆಕ್ಕವನ್ನೇ ಪಟ್ಟಿ ಮಾಡಿ ಲಗತ್ತಿಸುವುದು ಒಳ್ಳೆಯದು. ದಿನದ ಪಟ್ಟಿಯಲ್ಲಿ ಒಣಗಿದ ಇಪ್ಪತ್ತೈದು ದಿನ ಎದ್ದು ಕಾಣುತ್ತದೆ.

ನಮ್ಮದೇ ಅವಧಿಗಳಿವೆ

ಸಿದ್ಧ ಗುಂಡಿಗಳಲ್ಲಿ ‘7 ದಿನ’, ‘30 ದಿನ’, ‘90 ದಿನ’ ಇರುತ್ತವೆ. ಇವು ವ್ಯಾಪಾರಿಗಳಿಗೆ ಹೇಳಿ ಮಾಡಿಸಿದ ಅವಧಿಗಳು. ರೈತನಿಗೆ ಅವಧಿ ಬೇರೆ ಕಡೆಯಿಂದ ಬಂದಿದೆ. ರೋಹಿಣಿ, ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ ಅಂತ ಮಳೆ ನಕ್ಷತ್ರಗಳನ್ನು ಎಣಿಸುತ್ತೇವಲ್ಲ, ಅವು ಹದಿಮೂರು ಹದಿನಾಲ್ಕು ದಿನದ ಅಚ್ಚುಕಟ್ಟಾದ ‘ಇಂದ–ವರೆಗೆ’ಗಳೇ. ಸೂರ್ಯನ ಚಲನೆಗೆ ಹೊಂದಿಸಿದವಾದ್ದರಿಂದ ವರ್ಷ ವರ್ಷವೂ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತವೆ. ರೋಹಿಣಿ ಸುಮಾರು ಮೇ 25ರಿಂದ. ಮೃಗಶಿರ ಜೂನ್ 8ರಿಂದ. ಆರಿದ್ರೆ ಜೂನ್ 22ರ ಹೊತ್ತಿಗೆ ಶುರುವಾಗಿ ಜುಲೈ 5ರವರೆಗೆ. ಆರಿದ್ರೆ ಮಳೆ ಆರದೆ ಹುಯ್ಯುತ್ತೆ ಅಂತ ಗಾದೆಯೇ ಇದೆ. ಅದು ಈಗಲೂ ನಿಜವೋ ಅಂತ ನೋಡಬೇಕಾದರೆ ಖಾನೆಯಲ್ಲಿ ಜೂನ್ 22, ಜುಲೈ 5 ಅಂತ ಹಾಕಿ, ಹತ್ತು ವರ್ಷಗಳದ್ದನ್ನು ಒಂದೊಂದಾಗಿ ತೆಗೆದು ಒಂದು ಹಾಳೆಯಲ್ಲಿ ಬರೆಯಿರಿ. ಅರ್ಧ ಗಂಟೆಯ ಕೆಲಸ. ನಿಮ್ಮ ಊರಿನ ಆರಿದ್ರೆ ಹೇಗಿದೆ ಅಂತ ಯಾರ ಭಾಷಣವೂ ಇಲ್ಲದೆ ಗೊತ್ತಾಗುತ್ತದೆ. ಮಹದೇವಪುರವನ್ನು ಮುಳುಗಿಸಿದ ಮಳೆಯೂ ಹುಬ್ಬೆಯದ್ದು. ಹುಬ್ಬೆ ಸುಮಾರು ಆಗಸ್ಟ್ 30ರಿಂದ ಸೆಪ್ಟೆಂಬರ್ 12. ಕರಾವಳಿಯವರು ಆಟಿ ತಿಂಗಳಿಗೂ ಹೀಗೆ ಮಾಡಬಹುದು, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಕೊಳೆರೋಗಕ್ಕೆ ಎರಡನೇ ಸಿಂಪರಣೆಯ ಯೋಚನೆ ಮಾಡುವವರಿಗೆ ಜುಲೈ ತಿಂಗಳ ಲೆಕ್ಕಕ್ಕಿಂತ ಮೊದಲ ಸಿಂಪರಣೆಯ ದಿನದಿಂದ ಇವತ್ತಿನವರೆಗಿನ ಲೆಕ್ಕ ಹೆಚ್ಚು ಕೆಲಸಕ್ಕೆ ಬರುತ್ತದೆ.

ವಾಡಿಕೆ ಅಂದೆನಲ್ಲ, ಅದಕ್ಕೂ ಒಂದು ‘ಇಂದ–ವರೆಗೆ’ ಇದೆ! ದೇಶದ ಮುಂಗಾರಿನ ವಾಡಿಕೆ ಮಳೆ ಮೊದಲು 880.6 ಮಿ.ಮೀ. ಇತ್ತು, 1961ರಿಂದ 2010ರವರೆಗಿನ ಸರಾಸರಿ. 2022ರಲ್ಲಿ ಹವಾಮಾನ ಇಲಾಖೆ ಅದನ್ನು 1971ರಿಂದ 2020ರವರೆಗಿನ ಸರಾಸರಿಗೆ ಬದಲಾಯಿಸಿತು. ಅದು 868.6 ಮಿ.ಮೀ. ಅಂದರೆ 2021ರಲ್ಲಿ ತುಸು ಕೊರತೆ ಅನ್ನಿಸಿಕೊಳ್ಳುವ ಮಳೆಯೇ ಮರುವರ್ಷ ಬಂದರೆ ಸರಿಸಮ ಅನ್ನಿಸಿಕೊಳ್ಳಬಹುದು. ಹಳೇ ವರದಿಯ ಶೇಕಡಾವನ್ನು ಹೊಸ ವರದಿಯ ಶೇಕಡಾದ ಪಕ್ಕ ಇಡುವ ಬದಲು ಮಿ.ಮೀ. ಲೆಕ್ಕದಲ್ಲೇ ಹೋಲಿಸಿ.

ವಿಮೆಯ ಅವಧಿ

ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸಿದವರಿಗೆ ತಾರೀಖು ಅಂದರೆ ದುಡ್ಡು. ಅಡಿಕೆ, ಕಾಳುಮೆಣಸಿನವರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿ ಯಾರೂ ತೋಟಕ್ಕೆ ಬಂದು ನಷ್ಟ ನೋಡುವುದಿಲ್ಲ. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ನಿಗದಿತ ಮಾಪಕದಲ್ಲಿ ಮಳೆ ಎಷ್ಟು ದಾಖಲಾಯಿತು, ಉಷ್ಣಾಂಶ ಎಷ್ಟಿತ್ತು ಅಂತ ನೋಡಿ ಪರಿಹಾರ ಲೆಕ್ಕ ಹಾಕುತ್ತಾರೆ. ಆ ತಾರೀಖುಗಳು ಷರತ್ತಿನ ಪಟ್ಟಿಯಲ್ಲಿ ಬೆಳೆವಾರು, ಹಂತವಾರು ಅಚ್ಚಾಗಿರುತ್ತವೆ. ಹೊರಗಿನ ದಿನ ಎಷ್ಟೇ ಮಳೆ ಬಂದರೂ ಲೆಕ್ಕಕ್ಕಿಲ್ಲ. ಹಾಗಾಗಿ ಡ್ಯಾಶ್‌ಬೋರ್ಡಿನಲ್ಲಿ ನೀವು ಹಾಕಬೇಕಾದ ‘ಇಂದ’ ಮತ್ತು ‘ವರೆಗೆ’ ಆ ಪಟ್ಟಿಯಲ್ಲಿ ಇದ್ದ ಹಾಗೇ ಇರಬೇಕು, ಜೂನ್ 1 ಅಂತ ಅಂದಾಜಿಗೆ ಹಾಕಬಾರದು. ವಿಮೆ ಕಂತು ಕಟ್ಟಿದ ದಿನವೇ ಆ ಪಟ್ಟಿಯ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ. ರಾಜ್ಯದ ‘ಸಂರಕ್ಷಣೆ’ ಜಾಲತಾಣದಲ್ಲಿ ನಿಮ್ಮ ಅರ್ಜಿಯ ಸ್ಥಿತಿ ನೋಡುವಾಗಲೂ ವರ್ಷ ಮತ್ತು ಹಂಗಾಮು ಸರಿಯಾಗಿ ಆರಿಸಬೇಕು. ಅಲ್ಲಿ ವರ್ಷ ಅಂದರೆ 2023-24 ಅನ್ನುವ ಜೋಡಿ ವರ್ಷ. 2024ರ ಫೆಬ್ರವರಿಯ ಬೇಸಿಗೆ ಬೆಳೆಯನ್ನು 2024-25ರಲ್ಲಿ ಹುಡುಕಿದರೆ ಸಿಗೋದಿಲ್ಲ.

ಪ್ರಧಾನಮಂತ್ರಿ ಫಸಲ್ ಬಿಮಾದಲ್ಲಿ ಆಲಿಕಲ್ಲು, ಜಲಾವೃತದಂಥ ಸ್ಥಳೀಯ ನಷ್ಟ ಆದರೆ 72 ಗಂಟೆಯೊಳಗೆ ತಿಳಿಸಬೇಕು ಅನ್ನುವ ನಿಯಮ ಇದೆ. ಅದು ಗಂಟೆಯ ಲೆಕ್ಕ. ಮೂರು ದಿನ ಅಂತ ಹೇಳಿಕೊಂಡು ನಾಲ್ಕನೇ ದಿನ ಹೊತ್ತು ಏರಿದ ಮೇಲೆ ಫೋನು ಮಾಡಬೇಡಿ.

ಧಾರಣೆ ನೋಡುವಾಗ

ಕೇಂದ್ರ ಸರಕಾರದ ಅಗ್‌ಮಾರ್ಕ್‌ನೆಟ್ ಜಾಲತಾಣದಲ್ಲಿ ಬೆಳೆ, ರಾಜ್ಯ, ಮಾರುಕಟ್ಟೆ ಆರಿಸಿ ಎರಡು ತಾರೀಖು ಕೊಟ್ಟರೆ ಕನಿಷ್ಠ, ಗರಿಷ್ಠ, ಮತ್ತು ಹೆಚ್ಚು ಮಾಲು ಮಾರಾಟವಾದ ಧಾರಣೆ ಬರುತ್ತದೆ. ಇಲ್ಲೂ ಅದೇ ಕಥೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿತು. ಸೆಪ್ಟೆಂಬರ್ ಹೊತ್ತಿಗೆ ನೆಲ ಕಚ್ಚಿತು. ಆ ವರ್ಷದ ಸರಾಸರಿ ನೋಡಿ ಮರುವರ್ಷ ನಾಟಿ ಮಾಡಿದರೆ ಅದಕ್ಕೆ ಅರ್ಥ ಇಲ್ಲ. ನಿಮ್ಮ ಕೊಯ್ಲು ಯಾವ ವಾರಗಳಲ್ಲಿ ಬೀಳುತ್ತದೋ ಅದೇ ವಾರಗಳನ್ನು ಐದಾರು ವರ್ಷದ್ದು ತೆಗೆದು ನೋಡಬೇಕು.

ಸರಾಸರಿಯಲ್ಲಿ ಇನ್ನೊಂದು ಮೋಸ ಅಡಗಿದೆ. ಒಂದು ದಿನ ನೂರು ಬಾಕ್ಸು 2000 ರೂಪಾಯಿಗೆ ಹೋಯ್ತು, ಇನ್ನೊಂದು ದಿನ 900 ಬಾಕ್ಸು 400ಕ್ಕೆ ಹೋಯ್ತು ಅಂತಿಟ್ಟುಕೊಳ್ಳಿ. ಎರಡು ದಿನದ ಸರಾಸರಿ 1200 ಅಂತ ಪರದೆ ತೋರಿಸಬಹುದು. ನಿಜವಾಗಿ ರೈತರ ಕೈಗೆ ಬಂದ ಸರಾಸರಿ 560. ಆವಕದ ಅಂಕಿಯನ್ನೂ ಜತೆಗೆ ತೆಗೆದುಕೊಂಡರೆ ಮಾತ್ರ ಇದು ಗೊತ್ತಾಗೋದು. ರಜಾ ದಿನ ಖಾಲಿ ಇದ್ದರೆ ಅದನ್ನು ಸೊನ್ನೆ ಅಂತ ತಿಳಿದು ದಿನಗಳ ಸಂಖ್ಯೆಯಿಂದ ಭಾಗಿಸಬಾರದು.

‘ಈ ತಿಂಗಳು’, ‘ಕಳೆದ ತಿಂಗಳು’ ಅಂತ ಪಕ್ಕಪಕ್ಕ ಇಟ್ಟು ಕೆಂಪು ಬಾಣ ತೋರಿಸುವ ಫಲಕಗಳಿವೆ. ಹತ್ತನೇ ತಾರೀಖು ನೋಡಿದರೆ ಹತ್ತು ದಿನದ ಲೆಕ್ಕವನ್ನು ಮೂವತ್ತೊಂದು ದಿನದ್ದರ ಎದುರು ಇಟ್ಟಂತೆ. ದಿನಕ್ಕೆ 10 ಲೀಟರ್ ಹಾಲು ಹಾಕುವವನಿಗೆ 310 ಇದ್ದದ್ದು 100ಕ್ಕೆ ಇಳಿಯಿತು, ಶೇ. 68 ಕುಸಿತ ಅಂತ ಬಾಣ ಕೆಳಗೆ ತಿರುಗುತ್ತದೆ. ಹಸು ಆರಾಮಾಗೇ ಇರುತ್ತದೆ! ಕಳೆದ ತಿಂಗಳ ಒಂದರಿಂದ ಹತ್ತರ ಜತೆ ಹೋಲಿಸಿ. ‘ಕಳೆದ 30 ದಿನ’ ಅನ್ನುವುದು ದಿನಾ ಜಾರುತ್ತಾ ಹೋಗುವ ಅವಧಿ, ಅದನ್ನು ಬರೆದಿಟ್ಟುಕೊಂಡರೆ ನಾಳೆ ತಾಳೆ ಆಗೋದಿಲ್ಲ. ತಾರೀಖು ಹಾಕಿದ ಅವಧಿ ಮಾತ್ರ ನಿಂತಲ್ಲೇ ನಿಂತಿರುತ್ತದೆ. ಕಡೆಯ ಒಂದೆರಡು ದಿನದ ಅಂಕಿ ಇನ್ನೂ ಪೂರ್ತಿ ಬಂದಿರುವುದಿಲ್ಲ ಅನ್ನುವುದೂ ನೆನಪಿರಲಿ.

ಊರಿನ ಹೆಸರು ಅದೇ, ಊರು ಬೇರೆ

ಹಿಂದಿನ ಹತ್ತಿಪ್ಪತ್ತು ವರ್ಷದ ಲೆಕ್ಕ ತೆಗೆಯುವವರಿಗೆ ಒಂದು ಎಚ್ಚರಿಕೆ. ಮಹದೇವಪುರ ಮೊದಲು ಒಂದು ಹಳ್ಳಿ. ಆಮೇಲೆ ನಗರಸಭೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿ ಒಂದು ವಲಯದ ಹೆಸರಾಯ್ತು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೇ ಹೋಗಿ ಐದು ನಗರ ಪಾಲಿಕೆಗಳಾದವು, ಮಹದೇವಪುರ ಈಗ ಪೂರ್ವ ನಗರ ಪಾಲಿಕೆಯಲ್ಲಿದೆ. ಹೆಸರು ಒಂದೇ, ಅದರ ಗಡಿ ಮಾತ್ರ ಪ್ರತಿ ಸಲ ಬೇರೆ. 2005ರಿಂದ 2026 ಅಂತ ಅವಧಿ ಹಾಕಿ ಮಹದೇವಪುರದಲ್ಲಿ ಜನ, ತೆರಿಗೆ, ರಾಗಿ ಹೊಲ ಎಷ್ಟು ಹೆಚ್ಚಾಯ್ತು ಎಷ್ಟು ಕಡಿಮೆಯಾಯ್ತು ಅಂತ ಕೇಳಿದರೆ ಗಡಿ ಬದಲಾದದ್ದೂ ಆ ಉತ್ತರದಲ್ಲಿ ಸೇರಿಕೊಂಡಿರುತ್ತದೆ. ನಿಮ್ಮಲ್ಲೂ ಹೀಗೇ. 2017ರ ಬಜೆಟ್ಟಿನಲ್ಲಿ 49 ಹೊಸ ತಾಲೂಕು ಘೋಷಣೆ ಆದವು. ಕಡಬ, ಮೂಡುಬಿದಿರೆ ಅದರಲ್ಲೇ ಬಂದವು. ಪುತ್ತೂರು ತಾಲೂಕಿನ ಅಡಿಕೆ ವಿಸ್ತೀರ್ಣ ಹಿಂದಿಗಿಂತ ಇಳಿದಂತೆ ಕಂಡರೆ ತೋಟ ಕಡಿದಿದ್ದಾರೆ ಅಂತ ಗಾಬರಿ ಬೇಡ. ಗೆರೆ ಬದಲಾದ ವರ್ಷದಲ್ಲಿ ಅವಧಿಯನ್ನು ಎರಡು ತುಂಡು ಮಾಡಿ ಬೇರೆ ಬೇರೆ ನೋಡಿ. ಸಾಧ್ಯವಿದ್ದರೆ ಹೋಬಳಿ ಅಥವಾ ಪಂಚಾಯತಿ ಮಟ್ಟಕ್ಕೆ ಇಳಿಯಿರಿ.

ಸ್ವಂತ ಉಪಕರಣ ಇಟ್ಟವರಿಗೆ

ಮಣ್ಣಿನ ತೇವ ಅಳೆಯುವ ಕಡ್ಡಿ, ಪಂಪಿನ ಓಟ ಬರೆದಿಡುವ ಪೆಟ್ಟಿಗೆ ಇತ್ಯಾದಿ ಈಗ ಸಣ್ಣ ಹಿಡುವಳಿದಾರರ ಬಳಿಗೂ ಬಂದಿವೆ. ಇವುಗಳ ಫಲಕದಲ್ಲಿ ಮೊದಲು ನೋಡಬೇಕಾದ್ದು ಗಡಿಯಾರ. ಕೆಲವು ಗ್ರೀನಿಚ್ ಸಮಯದಲ್ಲೇ ಓಡುತ್ತಿರುತ್ತವೆ. ಆಗ ಅವುಗಳ ದಿನ ಶುರುವಾಗುವುದು ನಮ್ಮ ಬೆಳಗಿನ ಐದೂವರೆಗೆ. ನಾಲ್ಕರಿಂದ ಏಳರವರೆಗೆ ಹನಿ ನೀರಾವರಿ ಬಿಟ್ಟರೆ ಒಂದೂವರೆ ಗಂಟೆ ನಿನ್ನೆಗೆ, ಒಂದೂವರೆ ಗಂಟೆ ಇವತ್ತಿಗೆ. ಹೊಂದಾಣಿಕೆಯ ಪುಟದಲ್ಲಿ ಭಾರತದ ಸಮಯ ಅಂತ ಆರಿಸಿದರೆ ಸರಿಹೋಗುತ್ತದೆ. ಆದರೂ ತ್ರೀ ಫೇಸ್ ಕರೆಂಟು ರಾತ್ರಿ ಹನ್ನೊಂದಕ್ಕೆ ಬಂದು ಮೂರಕ್ಕೆ ಹೋಗುವ ನಮ್ಮಂಥ ಕಡೆ ಪಂಪಿನ ಲೆಕ್ಕ ನಡುರಾತ್ರಿಯಲ್ಲಿ ಎರಡಾಗುತ್ತದೆ. ಗಂಟೆ ಹಾಕಲು ಅವಕಾಶ ಇರುವ ಫಲಕದಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮರುದಿನ ಮಧ್ಯಾಹ್ನ ಹನ್ನೆರಡು ಅಂತ ಇಟ್ಟುಕೊಂಡರೆ ಒಂದು ರಾತ್ರಿಯ ನೀರು ಒಂದೇ ಸಾಲಿನಲ್ಲಿ ಬರುತ್ತದೆ.

ಇನ್ನೊಂದು ಸಣ್ಣ ವಿಷಯ, ಅಮೆರಿಕದ ಪದ್ಧತಿಯಲ್ಲಿ ತಿಂಗಳು ಮೊದಲು, ದಿನ ಆಮೇಲೆ. 04/09/2022 ಅಂತ ಹಾಕಿದರೆ ಅದು ಸೆಪ್ಟೆಂಬರ್ 4 ಅಂತ ತಿಳಿಯದೆ ಏಪ್ರಿಲ್ 9ರ ಲೆಕ್ಕ ಕೊಡಬಹುದು. ಅನುಮಾನ ಬಂದರೆ 13ಕ್ಕಿಂತ ದೊಡ್ಡ ತಾರೀಖು ಹಾಕಿ ನೋಡಿ. 25/09 ಅಂತ ಹಾಕಿದಾಗ ತಪ್ಪು ಅಂದರೆ ಅದು ತಿಂಗಳನ್ನು ಮೊದಲು ಕೇಳುವ ಜಾತಿಯದ್ದು.

ಫಲಕದ ಚಿತ್ರ ತೆಗೆದು ಇಲಾಖೆಗೋ ವಿಮೆಯವರಿಗೋ ಕಳಿಸುವಾಗ ಎರಡು ತಾರೀಖಿನ ಖಾನೆಗಳು, ಮಾಪಕದ ಹೆಸರು, ಇವೂ ಚಿತ್ರದಲ್ಲಿ ಸೇರುವಂತೆ ತೆಗೆಯಿರಿ. ಕೆಳಗಿನ ಅಂಕಿಯನ್ನು ಮಾತ್ರ ಕತ್ತರಿಸಿ ಕಳಿಸಿದರೆ ಆ ಕಡೆಯವರು ತಮ್ಮ ತಾರೀಖು ಹಾಕಿ ಬೇರೆ ಅಂಕಿ ತೋರಿಸುತ್ತಾರೆ, ಆಗ ವಾದ ಮಾಡಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.